ಮಗ್ಗಿಗೆ ಜೊತೆಯಾಗಲಿ ಒಗಟು

ಅಕ್ಷರವೂ ಅಂಕವೂ ವಿದ್ಯೆಯ ಎರಡು ಕಣ್ಣುಗಳೆಂದು ನಮ್ಮ ಹಿರಿಯರು ಬಗೆದಿದ್ದರು. ಆದರೆ ಶಾಲೆಯ ಹೊಸ್ತಿಲನ್ನು ದಾಟಿ ಬಂದ ಮಗುವಿಗೆ ಈ ಎರಡು ಕಣ್ಣುಗಳೂ ಒಂದೇ ರೀತಿಯಲ್ಲಿ ತೆರೆಯುವುದಿಲ್ಲ. ಅಕ್ಷರವು ಕಥೆಯ, ಹಾಡಿನ, ಗಾದೆಯ ಕೈಹಿಡಿದು ಬರುತ್ತದೆ. ಅಂಕವು ಬಹುಮಟ್ಟಿಗೆ ಬೆತ್ತದ ಭಯವನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಕನ್ನಡವನ್ನು ಕಲಿಯಲಾರೆನೆಂದು ಹೇಳುವ ಮಗುವನ್ನು ಕಾಣುವುದು ಅಪರೂಪ; ಲೆಕ್ಕವನ್ನು ಕಲಿಯಲಾರೆನೆಂದು ಹೇಳುವ ಮಗು ಪ್ರತಿಯೊಂದು ತರಗತಿಯಲ್ಲಿಯೂ ಉಂಟು. ಹತ್ತು ವರ್ಷದ ಬಾಲಕನೋ ಬಾಲಕಿಯೋ ಒಮ್ಮೆ ಈ ಮಾತನ್ನು ನಂಬಿಬಿಟ್ಟರೆ, ಅದು ಮುಂದಿನ ಬಾಳಿನ ಎಷ್ಟೋ ಬಾಗಿಲುಗಳಿಗೆ ಅಗುಳಿಯಾಗಿ ಕೂರುತ್ತದೆ. ಆದುದರಿಂದ ಆ ಮಾತು ಹುಟ್ಟದಂತೆ ನೋಡಿಕೊಳ್ಳುವುದು ಶಾಲೆಯ ಮೊದಲ ಕರ್ತವ್ಯಗಳಲ್ಲೊಂದು.

ಕೂಡ್ಲಿಗಿ ಸೀಮೆಯ ಹೊಸಹಳ್ಳಿಯಂಥ ಊರುಗಳಲ್ಲಿ ಈ ವಿಷಯವು ಒಂದು ವೈಚಿತ್ರ್ಯವನ್ನು ಮುಂದಿಡುತ್ತದೆ. ಅಜ್ಜಿಯೊಡನೆ ಸಂತೆಗೆ ಹೋಗಿ ಶೇಂಗಾ ಅಥವಾ ಹುಣಸೆಹಣ್ಣು ಮಾರಲು ಕುಳಿತ ಹುಡುಗಿಯು, ಎರಡೂವರೆ ಕಿಲೋ ತೂಗಿ, ದರವನ್ನು ಹೇಳಿ, ಐನೂರು ರೂಪಾಯಿಯ ನೋಟಿಗೆ ಚಿಲ್ಲರೆಯನ್ನು ತಡವಿಲ್ಲದೆ ಎಣಿಸಿ ಕೊಡುತ್ತಾಳೆ. ಮರುದಿನ ಅದೇ ಲೆಕ್ಕವು ಪುಸ್ತಕದಲ್ಲಿ ಭಿನ್ನರಾಶಿಯ ಗುಣಾಕಾರವೆಂಬ ಹೆಸರಿನಿಂದ ಬಂದರೆ ಅವಳೇ ಮೂಕಳಾಗುತ್ತಾಳೆ. ಸಂತೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಬುದ್ಧಿಯು ಸೋರಿಹೋಯಿತೇ? ಹಾಗಲ್ಲ. ಸಂತೆಯ ಪ್ರಶ್ನೆಯು ಅವಳದಾಗಿತ್ತು. ಪುಸ್ತಕದ ಪ್ರಶ್ನೆಯು ಯಾರದೋ ಆಗಿದೆ. ಪರರ ಪ್ರಶ್ನೆಯನ್ನು ಮಗುವು ತನ್ನದೆಂದು ಭಾವಿಸುವಂತೆ ಮಾಡುವ ಉಪಾಯಗಳಲ್ಲಿ ಲೆಕ್ಕದ ಒಗಟಿಗೆ ಮೊದಲ ಮಣೆ ಸಲ್ಲಬೇಕು.

ಈ ಸೀಮೆಯ ಹಳೆಯ ಶಾಲೆಗಳಲ್ಲಿ ಲೆಕ್ಕವನ್ನು ಹೇಗೆ ಕಲಿಸುತ್ತಿದ್ದರೆಂಬುದಕ್ಕೆ ಅಪೂರ್ವವಾದೊಂದು ದಾಖಲೆ ಉಳಿದಿದೆ. ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ೧೮೨೨ರಲ್ಲಿ ಎಲ್ಲ ಜಿಲ್ಲೆಗಳಿಂದಲೂ ದೇಶೀಯ ಶಾಲೆಗಳ ವಿವರವನ್ನು ಕೇಳಿದಾಗ, ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ ೧೮೨೩ರ ಆಗಸ್ಟ್ ತಿಂಗಳಲ್ಲಿ ವಿಸ್ತಾರವಾದ ವರದಿಯನ್ನು ಕಳುಹಿಸಿದನು. ಇಂದಿನ ಅನಂತಪುರದ ಪ್ರದೇಶವೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರು. ಕನ್ನಡದ ಶಾಲೆಗಳು ೨೩೫, ತೆಲುಗಿನವು ೨೨೬. ಅಷ್ಟೂ ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ ೬೦ ಮಂದಿ. ಲಿಂಗಾಯತ ಬಾಲಕರು ಓದುತ್ತಿದ್ದ ಗ್ರಂಥಗಳ ಪಟ್ಟಿಯಲ್ಲಿ ಬಸವಪುರಾಣ, ಗಿರಿಜಾಕಲ್ಯಾಣಗಳ ಹೆಸರುಗಳಿವೆ. ಲೆಕ್ಕದ ಬಗೆಗೆ ಆತನು ಬರೆದುದು ವಿಶೇಷವಾಗಿ ಗಮನಾರ್ಹ. ಇಲ್ಲಿನ ಭಿನ್ನಗಳು ಹತ್ತರ ಪ್ರಕಾರ ಇಳಿಯದೆ ನಾಲ್ಕರ ಪ್ರಕಾರ ಇಳಿಯುತ್ತವೆ. ಇವುಗಳೂ ಕೂಡುವ ಗುಣಿಸುವ ಮಗ್ಗಿಗಳೂ ಅಳತೆ ತೂಕಗಳ ಕೋಷ್ಟಕಗಳೂ ಮನಸ್ಸಿನಲ್ಲಿ ನೆಲೆಯೂರುವಂತೆ ಮಕ್ಕಳನ್ನು ದಿನಕ್ಕೆ ಎರಡು ಬಾರಿ ಸಾಲಾಗಿ ನಿಲ್ಲಿಸಿ, ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿಕೊಟ್ಟಂತೆ ಒಕ್ಕೊರಲಿನಿಂದ ಹೇಳಿಸುತ್ತಾರೆ ಎಂಬುದು ಆ ವರದಿಯ ಸಾರ.

ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಬಾಲ್ಯದಲ್ಲಿ ಕಂಠಸ್ಥಮಾಡಿದ ಹಿರಿಯರಿಗೆ ಈ ಚಿತ್ರವು ಅಪರಿಚಿತವಲ್ಲ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಎಂಬ ನಾಣ್ಯಪದ್ಧತಿಯು ೧೯೫೭ರ ಏಪ್ರಿಲ್ ೧ರವರೆಗೂ ನಡೆದುದರಿಂದ, ನಾಲ್ಕರ ಭಾಗಗಳನ್ನು ಬಲ್ಲವನೇ ವ್ಯವಹಾರಜ್ಞನೆನಿಸುತ್ತಿದ್ದನು. ಅಂದಿನ ಅಂಗಡಿಯ ಕಾರಕೂನನು ಕಾಗದವಿಲ್ಲದೆ ಮಾಡುತ್ತಿದ್ದ ಬಾಯಿಲೆಕ್ಕವು ಇಂದು ಮೊಬೈಲನ್ನು ಕೈಯಲ್ಲಿ ಹಿಡಿದವನಿಗೂ ಸೋಜಿಗವನ್ನುಂಟುಮಾಡುವಂಥದು. ಆದರೆ ಅದೇ ವರದಿಯಲ್ಲಿ ಕ್ಯಾಂಬೆಲ್ ಮತ್ತೊಂದು ಮಾತನ್ನೂ ಹೇಳಿದ್ದಾನೆ. ಮಕ್ಕಳು ಅಸಂಖ್ಯ ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ, ಅವುಗಳ ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ ಅವರಿಗೂ ತಿಳಿದಿರುತ್ತದೆ ಎಂಬುದು ಆತನ ಆಕ್ಷೇಪ. ಪರಕೀಯನ ಮಾತೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಇನ್ನೂರು ವರ್ಷಗಳ ಅನಂತರವೂ ಇಪ್ಪತ್ತರವರೆಗಿನ ಮಗ್ಗಿಯನ್ನು ನಿರರ್ಗಳವಾಗಿ ಒಪ್ಪಿಸುವ ಬಾಲಕನು, ಆ ಮಗ್ಗಿಯನ್ನು ಯಾವ ಲೆಕ್ಕದಲ್ಲಿ ಹಚ್ಚಬೇಕೆಂದು ತಿಳಿಯದೆ ನಿಂತಾಗ ಆ ಮಾತು ನೆನಪಿಗೆ ಬಾರದಿರುವುದು ಸಾಧ್ಯವಿಲ್ಲ. ಮಗ್ಗಿಯು ಬೀಗದ ಕೈ. ಬೀಗವನ್ನೇ ಕಾಣದವನ ಸೊಂಟದಲ್ಲಿ ಬೀಗದ ಕೈಗೊಂಚಲು ತೂಗಾಡಿದರೆ ಏನು ಪ್ರಯೋಜನ?

ಆ ಬೀಗವನ್ನು ಒದಗಿಸುತ್ತಿದ್ದುದು ಶಾಲೆಯಲ್ಲ, ಊರಿನ ಜಗಲಿ. ಬೆಳದಿಂಗಳಿನಲ್ಲಿ ಕುಳಿತ ಹಿರಿಯರು ಮೊಮ್ಮಕ್ಕಳಿಗೆ ಒಡ್ಡುತ್ತಿದ್ದ ಲೆಕ್ಕಗಳು ನಾಡಿನ ಎಲ್ಲೆಡೆಯಲ್ಲಿಯೂ ಇದ್ದವು. ಆಕಾಶದಲ್ಲಿ ಸಾಗುವ ಹಕ್ಕಿಯ ಹಿಂಡನ್ನು ನೋಡಿ ಮರದ ಮೇಲಿನ ಒಂಟಿ ಹಕ್ಕಿಯು, "ನೂರು ಮಂದಿಗೂ ಶರಣು" ಎನ್ನುತ್ತದೆ. ಹಿಂಡಿನ ನಾಯಕನು, "ನಾವು ನೂರಲ್ಲ, ನಾವು, ನಮ್ಮಷ್ಟೇ ಮತ್ತೊಂದು ಹಿಂಡು, ನಮ್ಮರ್ಧ, ನಮ್ಮ ಕಾಲು, ಜೊತೆಗೆ ನೀನು ಸೇರಿದರೆ ನೂರು" ಎಂದು ಉತ್ತರವೀಯುತ್ತದೆ. ಹಿಂಡಿನಲ್ಲಿ ಇದ್ದ ಹಕ್ಕಿಗಳೆಷ್ಟು? ಬೀಜಗಣಿತವನ್ನು ಅರಿಯದ ಮಗುವೂ ಇದನ್ನು ಬಿಡಿಸಬಲ್ಲುದು. ಒಂಟಿ ಹಕ್ಕಿಯನ್ನು ಬಿಟ್ಟರೆ ಉಳಿದುದು ತೊಂಬತ್ತೊಂಬತ್ತು. ಹಿಂಡನ್ನು ನಾಲ್ಕು ಕಾಲುಗಳೆಂದು ಎಣಿಸಿದರೆ ಎರಡು ಹಿಂಡಿಗೆ ಎಂಟು ಕಾಲು, ಅರ್ಧಕ್ಕೆ ಎರಡು, ಕಾಲಿಗೆ ಒಂದು, ಒಟ್ಟು ಹನ್ನೊಂದು. ಹನ್ನೊಂದು ಕಾಲುಗಳು ತೊಂಬತ್ತೊಂಬತ್ತಾದರೆ ಒಂದು ಕಾಲು ಒಂಬತ್ತು, ಹಿಂಡು ಮೂವತ್ತಾರು. ಇಲ್ಲಿ ಹನ್ನೊಂದರ ಮಗ್ಗಿಯು ತಾನಾಗಿಯೇ ಬಂದು ನಿಂತಿತು. ಯಾರೂ ಅದನ್ನು ಬೆತ್ತ ಹಿಡಿದು ಕರೆಯಲಿಲ್ಲ. ಕಾಲಿನ ಮಗ್ಗಿಯನ್ನು ಬಾಯಲ್ಲಿ ಆಡಿದವನಿಗೆ ಕಾಲು ಎಂಬುದು ಏನೆಂದು ಈಗ ಕಣ್ಣಿಗೆ ಕಂಡಿತು.

ಹೂವಿನ ಲೆಕ್ಕವೂ ಇಂಥದೇ. ಹಡಗಲಿಯ ಮಲ್ಲಿಗೆಗೆ ಹೆಸರಾದ ಈ ನಾಡಿನಲ್ಲಿ ಅದನ್ನು ಮಲ್ಲಿಗೆಯ ಲೆಕ್ಕವೆಂದೇ ಹೇಳಬಹುದು. ಮೂರು ಗುಡಿಗಳು, ಪ್ರತಿಯೊಂದು ಗುಡಿಯ ಮುಂದೆಯೂ ಒಂದು ಹೊಂಡ. ಹೊಂಡದಲ್ಲಿ ಅದ್ದಿದ ಹೂಗಳು ಇಮ್ಮಡಿಯಾಗುತ್ತವೆ. ಭಕ್ತನು ಮೂರು ಗುಡಿಗಳಲ್ಲಿಯೂ ಸಮನಾಗಿ ಎಂಟೆಂಟು ಹೂಗಳನ್ನು ಏರಿಸಿ ಬರಿಗೈಯಲ್ಲಿ ಹೊರಬರುತ್ತಾನೆ. ಮೊದಲು ತಂದ ಹೂಗಳೆಷ್ಟು? ಮುಂದಿನಿಂದ ಹೊರಟವನು ತೊಡಕಿಗೆ ಸಿಕ್ಕುತ್ತಾನೆ. ಹಿಂದಿನಿಂದ ಬಂದವನು ಎಂಟರ ಅರ್ಧ ನಾಲ್ಕು, ಅದಕ್ಕೆ ಎಂಟು ಸೇರಿ ಹನ್ನೆರಡು, ಅದರ ಅರ್ಧ ಆರು, ಮತ್ತೆ ಎಂಟು ಸೇರಿ ಹದಿನಾಲ್ಕು, ಅದರ ಅರ್ಧ ಏಳು ಎಂದು ಮೆಟ್ಟಿಲಿಳಿದಂತೆ ಇಳಿದುಬಿಡುತ್ತಾನೆ. ಫಲದಿಂದ ಮೂಲಕ್ಕೆ ನಡೆಯುವ ಈ ಕ್ರಮವನ್ನು ನಮ್ಮ ಪ್ರಾಚೀನ ಗಣಿತಜ್ಞರು ವಿಲೋಮವಿಧಿಯೆಂದು ಕರೆದು ಶಾಸ್ತ್ರದಲ್ಲಿ ಸ್ಥಾನವಿತ್ತರು. ಒಂದು ಮಣದ, ಎಂದರೆ ನಲವತ್ತು ಸೇರಿನ ಕಲ್ಲು ಬಿದ್ದು ನಾಲ್ಕು ಚೂರಾಯಿತು. ಆ ಚೂರುಗಳಿಂದಲೇ ಒಂದರಿಂದ ನಲವತ್ತು ಸೇರಿನವರೆಗೆ ಎಲ್ಲ ತೂಕವನ್ನೂ ವರ್ತಕನು ತೂಗಿದನು ಎಂಬ ಲೆಕ್ಕವು ತಕ್ಕಡಿಯ ಎರಡು ತಟ್ಟೆಗಳನ್ನೂ ಬಳಸುವ ಜಾಣ್ಮೆಯನ್ನು ಬೇಡುತ್ತದೆ. ಒಂದು, ಮೂರು, ಒಂಬತ್ತು, ಇಪ್ಪತ್ತೇಳು ಎಂಬ ಉತ್ತರವನ್ನು ಕೇಳಿದ ಮೇಲೂ ಅದನ್ನು ಪರೀಕ್ಷಿಸಲು ಮಗುವು ನಲವತ್ತು ಬಾರಿ ಕೂಡಿ ಕಳೆಯುತ್ತದೆ.

ಜಗಲಿಯ ಈ ಲೆಕ್ಕಗಳನ್ನು ಬಾಲಕ್ರೀಡೆಯೆಂದು ಕಡೆಗಣಿಸುವವರು ಕನ್ನಡನಾಡಿನ ಗಣಿತಪರಂಪರೆಯನ್ನು ಒಮ್ಮೆ ನೋಡಬೇಕು. ಕ್ರಿ. ಶ. ೮೫೦ರ ಸುಮಾರಿನಲ್ಲಿ, ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಅದರಲ್ಲಿ ದಾರಿಯಲ್ಲಿ ಬಿದ್ದ ಹಣದ ಚೀಲವೊಂದನ್ನು ಮೂವರು ವರ್ತಕರು ಕಾಣುವ ಲೆಕ್ಕವಿದೆ. ಚೀಲವು ತನಗೆ ದೊರೆತರೆ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟು ತನ್ನದಾಗುವುದೆಂದು ಮೊದಲನೆಯವನು, ಮೂರರಷ್ಟೆಂದು ಎರಡನೆಯವನು, ಐದರಷ್ಟೆಂದು ಮೂರನೆಯವನು ಹೇಳುತ್ತಾರೆ. ಚೀಲದಲ್ಲಿ ಹದಿನೈದು, ವರ್ತಕರಲ್ಲಿ ಕ್ರಮವಾಗಿ ಒಂದು, ಮೂರು, ಐದು ನಾಣ್ಯಗಳೆಂದು ಹಿಡಿದರೆ ಮೂವರ ಮಾತೂ ನಿಜವಾಗುತ್ತದೆ. ಅದೇ ಗ್ರಂಥದ ಗುಣಾಕಾರ ಪ್ರಕರಣದಲ್ಲಿ ಆಚಾರ್ಯನು ಕಂಠಿಕೆಗಳನ್ನು, ಎಂದರೆ ಕೊರಳಹಾರಗಳನ್ನು ಪೋಣಿಸಿದ್ದಾನೆ. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧ ಎಂದು ಎಂಟು ಒಂದುಗಳ ಸರವು ದೊರೆಯುತ್ತದೆ. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ಎರಡು ತುದಿಗಳಲ್ಲಿ ಒಂದೊಂದು ಮಣಿ, ನಡುವೆ ಎಂಟು ಸೊನ್ನೆ. ಗುಣಾಕಾರದ ಅಭ್ಯಾಸವನ್ನೇ ಮಾಡಿಸಬೇಕಾಗಿದ್ದರೆ ಯಾವ ಸಂಖ್ಯೆಯಾದರೂ ಸಾಕಾಗುತ್ತಿತ್ತು. ತಪ್ಪಿಲ್ಲದೆ ಗುಣಿಸಿದವನ ಪಟ್ಟಿಗೆ ಹಾರವೊಂದು ಬಂದು ಬೀಳಲಿ ಎಂಬ ವಾತ್ಸಲ್ಯವು ಆ ಮಹಾಶಾಸ್ತ್ರಜ್ಞನಲ್ಲಿತ್ತು. ಒಂದು ಅಂಕ ತಪ್ಪಿದರೆ ಹಾರವು ಮೂಡುವುದಿಲ್ಲ. ಆದುದರಿಂದ ತಪ್ಪನ್ನು ತೋರಿಸಲು ಗುರುವೂ ಬೇಕಿಲ್ಲ. ಹೊಂಬುಜದ ಜೈನಮಠವು ೨೦೦೦ದಲ್ಲಿ ಈ ಗ್ರಂಥವನ್ನು ಕನ್ನಡಾನುವಾದದೊಡನೆ ಪ್ರಕಟಿಸಿ ನಾಡಿಗೆ ಉಪಕಾರ ಮಾಡಿದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನಂತೂ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲಿಯೇ ಬರೆದನು. ಅವನ ಇನ್ನೊಂದು ಕೃತಿಯ ಹೆಸರು ಚಿತ್ರಹಸುಗೆ. ಹಸುಗೆಯೆಂದರೆ ಹಂಚಿಕೆ. ಹಂಚುವ ಲೆಕ್ಕಕ್ಕೆ ಚಿತ್ರವೆಂಬ ವಿಶೇಷಣವನ್ನು ಕೂಡಿಸಿದ ಕವಿಯು ಗಣಿತವನ್ನು ಒಣವಿಷಯವೆಂದು ಬಗೆದಿರಲಾರನು.

ಗಣಿತವು ಗಣಿತಾಧ್ಯಾಪಕರಿಗೆ ಮಾತ್ರ ಸೇರಿದುದೆಂಬ ಭಾವನೆಯೂ ಸರಿಯಲ್ಲ. ಕನ್ನಡ ತರಗತಿಯ ಛಂದಸ್ಸಿನ ಪಾಠವು ಸ್ವತಃ ಒಂದು ಸಂಖ್ಯಾಕ್ರೀಡೆ. ಯಮಾತಾರಾಜಭಾನಸಲಗಂ ಎಂಬ ಹತ್ತು ಅಕ್ಷರಗಳಲ್ಲಿ ಮೂರು ಮೂರನ್ನು ಸರಿಸುತ್ತ ಬಂದರೆ ಎಂಟು ಅಕ್ಷರಗಣಗಳೂ ಒಂದೂ ಬಿಡದಂತೆ, ಒಂದೂ ಮರುಕಳಿಸದಂತೆ ದೊರೆಯುತ್ತವೆ. ಮಾತ್ರಾಗಣದಲ್ಲಿ ಇನ್ನೂ ಸ್ವಾರಸ್ಯವಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣಕ್ಕೆ ಮೂರು ರೂಪಗಳು, ನಾಲ್ಕಕ್ಕೆ ಐದು, ಐದಕ್ಕೆ ಎಂಟು, ಆರಕ್ಕೆ ಹದಿಮೂರು. ಗಣದ ಕೊನೆಯ ಅಕ್ಷರವು ಲಘುವಾದರೆ ಉಳಿದುದು ಒಂದು ಮಾತ್ರೆ ಕಡಿಮೆಯ ಗಣ, ಗುರುವಾದರೆ ಎರಡು ಮಾತ್ರೆ ಕಡಿಮೆಯ ಗಣ. ಆದುದರಿಂದ ಪ್ರತಿಯೊಂದು ಸಂಖ್ಯೆಯೂ ಅದರ ಹಿಂದಿನ ಎರಡರ ಮೊತ್ತವಾಗುತ್ತದೆ. ಪಾಶ್ಚಾತ್ಯರು ಫಿಬೊನಾಚಿಯ ಹೆಸರಿನಿಂದ ಕರೆಯುವ ಈ ಸರಣಿಯನ್ನು, ಅವನು ೧೨೦೨ರಲ್ಲಿ ತನ್ನ ಗ್ರಂಥವನ್ನು ಬರೆಯುವುದಕ್ಕೆ ಮೊದಲೇ ವಿರಹಾಂಕ, ಹೇಮಚಂದ್ರರಂಥ ನಮ್ಮ ಛಂದೋವಿದರು ಬಲ್ಲವರಾಗಿದ್ದರು. ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು ಮಾತ್ರೆಗಳ ಗಣಗಳು ಜೋಡಿಯಾಗಿ ಬರುತ್ತವೆ. ಲಘುವಿನ ಮೇಲೆ ಗುರು ಬಂದು ಆರಂಭವಾಗುವ ಗಣವು ಅಲ್ಲಿ ನಿಷಿದ್ಧ. ಹಾಗಾದರೆ ಒಂದು ಜೋಡಿಗೆ ಸಾಧ್ಯವಾದ ರೂಪಗಳೆಷ್ಟು? ಮೂರರಲ್ಲಿ ಒಂದು, ಐದರಲ್ಲಿ ಒಂದು ಹೋಗಿ ಎರಡು ನಾಲ್ಕಲೆ ಎಂಟು. ಹೀಗೆ ಕೇಳಿದ ದಿನ ಪ್ರಸ್ತಾರ ಹಾಕುವುದೆಂದರೆ ಬೇಸರಗೊಳ್ಳುವ ವಿದ್ಯಾರ್ಥಿಯೂ ಎಂಟನ್ನೂ ತಾನೇ ಬರೆದು ನೋಡುತ್ತಾನೆ.

ಈ ಪ್ರಸಂಗದಲ್ಲಿ ಮಹಾರಾಷ್ಟ್ರದ ದೇವಳಾಲಿಯ ಶಾಲಾ ಉಪಾಧ್ಯಾಯರಾಗಿದ್ದ ದ. ರಾ. ಕಾಪ್ರೇಕರ್ ಅವರನ್ನು (೧೯೦೫-೧೯೮೬) ಸ್ಮರಿಸುವುದು ಉಚಿತ. ವಿಶ್ವವಿದ್ಯಾಲಯದ ಪೀಠವಾಗಲಿ ಯಂತ್ರಸಾಮಗ್ರಿಯಾಗಲಿ ಇಲ್ಲದೆ, ಅಂಕಗಳೊಡನೆ ಆಡುತ್ತಲೇ ಅವರು ೧೯೪೯ರಲ್ಲಿ ೬೧೭೪ ಎಂಬ ಸಂಖ್ಯೆಯ ಗುಟ್ಟನ್ನು ಲೋಕಕ್ಕೆ ತಿಳಿಸಿದರು. ನಾಲ್ಕು ಅಂಕಗಳ ಯಾವುದೇ ಸಂಖ್ಯೆಯನ್ನು, ನಾಲ್ಕೂ ಅಂಕಗಳು ಒಂದೇ ಆಗಿರದಂತೆ ಆರಿಸಿ, ಆ ಅಂಕಗಳಿಂದಾಗುವ ಅತಿ ದೊಡ್ಡ ಸಂಖ್ಯೆಯಿಂದ ಅತಿ ಚಿಕ್ಕದನ್ನು ಕಳೆಯಬೇಕು. ಬಂದುದಕ್ಕೆ ಮತ್ತೆ ಹಾಗೆಯೇ ಮಾಡಬೇಕು. ೧೯೪೭ನ್ನು ತೆಗೆದುಕೊಂಡರೆ ೯೭೪೧ರಲ್ಲಿ ೧೪೭೯ ಹೋಗಿ ೮೨೬೨, ಅನಂತರ ೬೩೫೪, ೩೦೮೭, ೮೩೫೨, ಕೊನೆಗೆ ೬೧೭೪. ಎಲ್ಲಿಂದ ಹೊರಟರೂ ಏಳು ಹೆಜ್ಜೆಗಳೊಳಗೆ ಇದೇ ನಿಲ್ದಾಣ. ಏಳು ವ್ಯವಕಲನದ ಲೆಕ್ಕಗಳನ್ನು ಮನೆಗೆಲಸವಾಗಿ ಕೊಟ್ಟರೆ ಮುಖ ಸಿಂಡರಿಸುವ ಮಗುವು, ಇದು ತನ್ನ ಸಂಖ್ಯೆಗೂ ನಿಜವೇ ಎಂಬ ಕುತೂಹಲಕ್ಕೆ ಒಳಗಾಗಿ ಎಪ್ಪತ್ತು ವ್ಯವಕಲನಗಳನ್ನು ಮಾಡಿಬಿಡುತ್ತದೆ. ಹತ್ತು ಕಡ ತರುವ ಕಷ್ಟವು ಆ ಕುತೂಹಲದಲ್ಲಿ ಕರಗಿಹೋಗುತ್ತದೆ.

ಒಗಟಿನ ಮತ್ತೊಂದು ಗುಣವನ್ನು ಶಿಕ್ಷಕರು ಮನಗಾಣಬೇಕು. ಲೆಕ್ಕದಲ್ಲಿ ಸೋತ ಮಗುವು ಅನೇಕ ವೇಳೆ ಅಂಕದಲ್ಲಿ ಸೋತಿರುವುದಿಲ್ಲ, ವಾಕ್ಯದಲ್ಲಿ ಸೋತಿರುತ್ತದೆ. ನಮ್ಮಷ್ಟು, ನಮ್ಮರ್ಧ, ಉಳಿದಿಬ್ಬರ ಒಟ್ಟಿನ ಮೂರರಷ್ಟು ಎಂಬ ಪದಗಳಲ್ಲಿ ಯಾವುದು ಯಾವುದಕ್ಕೆ ಅನ್ವಯಿಸುತ್ತದೆಂದು ನಿಧಾನವಾಗಿ ಬಿಡಿಸಿಕೊಳ್ಳುವುದೇ ಲೆಕ್ಕದ ಮುಕ್ಕಾಲು ಪಾಲು. ಪದ್ಯಕ್ಕೆ ಅನ್ವಯ ಹೇಳಿಸುವ ಕನ್ನಡ ಪಂಡಿತನೂ ಒಗಟನ್ನು ಬಿಡಿಸುವ ಗಣಿತಾಧ್ಯಾಪಕನೂ ಮಾಡಿಸುವ ಕೆಲಸವು ಒಂದೇ. ಮಾತೃಭಾಷೆಯಲ್ಲಿ ಗಣಿತವನ್ನು ಕಲಿಯುವ ಮಗುವಿಗೆ ಇರುವ ಮಹಾಲಾಭವೂ ಇದೇ. ಆ ಲಾಭವನ್ನು ಬಳಸದೆ ಬಿಟ್ಟರೆ ದೋಷವು ಭಾಷೆಯದಲ್ಲ.

ಆಕ್ಷೇಪಗಳು ಇಲ್ಲದಿಲ್ಲ. ಪಾಠಕ್ರಮವನ್ನು ಮುಗಿಸುವುದಕ್ಕೇ ವೇಳೆ ಸಾಲದಿರುವಾಗ ಒಗಟಿಗೆ ಎಡೆಯೆಲ್ಲಿ ಎಂಬುದು ಮೊದಲನೆಯದು. ಮುಗಿದ ಪಾಠವು ಮಗುವಿಗೆ ಮುಟ್ಟಿತೇ ಎಂಬುದನ್ನು ಒರೆಹಚ್ಚುವ ಕಲ್ಲು ಒಗಟೇ ಆಗಿರುವುದರಿಂದ ಆ ವೇಳೆಯು ವ್ಯರ್ಥವಲ್ಲ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಒಗಟು ಮತ್ತು ಆಟಗಳ ಮೂಲಕ ಗಣಿತಚಿಂತನೆಯನ್ನು ಹರ್ಷದಾಯಕವಾಗಿಸಬೇಕೆಂದಿದೆ. ಕೈಯಲ್ಲಿ ಯಂತ್ರವಿರುವಾಗ ಬಾಯಿಲೆಕ್ಕವೇಕೆ ಎಂಬುದು ಎರಡನೆಯದು. ಯಂತ್ರವು ಗುಣಿಸಿ ಕೊಡುತ್ತದೆ ನಿಜ. ಸಂತೆಯಲ್ಲಿ, ಸಾಲದ ಪತ್ರದಲ್ಲಿ, ಬಡ್ಡಿಯ ಕರಾರಿನಲ್ಲಿ ಬಂದ ಉತ್ತರವು ಸಂಭವನೀಯವೇ ಅಸಂಭವವೇ ಎಂದು ಸಂಶಯಪಡುವ ಬುದ್ಧಿಯನ್ನು ಮನುಷ್ಯನೇ ಬೆಳೆಸಿಕೊಳ್ಳಬೇಕು. ರೈತನ ಮಗನಿಗೆ ಆ ಸಂಶಯವು ಹೊಲವನ್ನೇ ಉಳಿಸಿಕೊಡಬಹುದು.

ಮೂರನೆಯದು ಆಕ್ಷೇಪವಲ್ಲ, ಎಚ್ಚರಿಕೆ. ಬೆಂಗಳೂರಿನಲ್ಲಿ ಜನಿಸಿದ ಶಕುಂತಲಾದೇವಿಯವರು ೧೯೮೦ರ ಜೂನ್ ೧೮ರಂದು ಲಂಡನ್ನಿನಲ್ಲಿ ಹದಿಮೂರು ಅಂಕಗಳ ಎರಡು ಸಂಖ್ಯೆಗಳನ್ನು ಕೇವಲ ೨೮ ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿದರು. ಅದು ನಾಡಿನ ಹೆಮ್ಮೆ. ಆದರೆ ಆ ವೇಗವನ್ನು ತರಗತಿಯ ಮಾದರಿಯಾಗಿ ಮಾಡಿಕೊಂಡು, ಮೊದಲು ಕೈಯೆತ್ತಿದವನನ್ನು ಹೊಗಳಿ ಕೊನೆಯವನನ್ನು ನಗೆಗೀಡುಮಾಡಿದರೆ, ಒಗಟೂ ಹೊಸದೊಂದು ಬೆತ್ತವಾದೀತು. ನಿಧಾನಿಯಾದ ಮಗುವು ಮೂರು ದಿನ ಯೋಚಿಸಿ ತಂದ ಉತ್ತರಕ್ಕೆ ಹೆಚ್ಚಿನ ಬೆಲೆಯಿದೆ. ಅಂತೆಯೇ ಒಗಟಿನ ಮೋಹದಿಂದ ಮಗ್ಗಿಯನ್ನು ಬಿಡುವುದೂ ತಪ್ಪು. ಹನ್ನೊಂದೊಂಬತ್ತಲೆ ಎಷ್ಟೆಂದು ತಡಕಾಡುವವನು ಹಕ್ಕಿಯ ಹಿಂಡನ್ನು ಹಿಡಿಯಲಾರನು.

ಹೀಗಿರುವುದರಿಂದ ಮಠದ ಆಶ್ರಯದಲ್ಲಿ ನಡೆಯುವ ಶಾಲೆಗಳು ಕೆಲವು ಅಲ್ಪವೆಚ್ಚದ ಏರ್ಪಾಡುಗಳನ್ನು ಕೈಗೊಳ್ಳಬಹುದು. ಸೋಮವಾರ ಒಗಟೊಂದನ್ನು ಕರಿಹಲಗೆಯ ಮೂಲೆಯಲ್ಲಿ ಬರೆದು, ಶನಿವಾರದವರೆಗೆ ಉತ್ತರವನ್ನು ಹೇಳದಿರುವುದು ಮೊದಲನೆಯದು. ಆ ದಿನ ಉತ್ತರಕ್ಕಿಂತ ಉತ್ತರಕ್ಕೆ ಬಂದ ದಾರಿಯನ್ನು ಮಕ್ಕಳಿಂದ ಹೇಳಿಸಬೇಕು; ಕನ್ನಡ, ಗಣಿತ ಅಧ್ಯಾಪಕರಿಬ್ಬರೂ ಕುಳಿತು ಕೇಳಬೇಕು. ಮನೆಯ ಹಿರಿಯರಿಂದ ಲೆಕ್ಕದ ಒಗಟುಗಳನ್ನು ಕೇಳಿ ಬರೆದು ತರುವಂತೆ ಮಕ್ಕಳನ್ನು ಕಳುಹಿಸುವುದು ಎರಡನೆಯದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹಳ್ಳಿಗಳಲ್ಲಿ ಆಣೆ ಸೇರುಗಳ ಲೆಕ್ಕವನ್ನು ಬಲ್ಲ ತಲೆಮಾರು ಕರಗುತ್ತಿದೆ. ಹತ್ತು ವರ್ಷ ತಡಮಾಡಿದರೆ ಕೇಳಲು ಯಾರೂ ಉಳಿಯಲಾರರು. ಅಳಗುಳಿಮಣೆಯ ಹದಿನಾಲ್ಕು ಗುಳಿಗಳನ್ನೂ ಹುಣಸೆಬೀಜವನ್ನೂ ತಕ್ಕಡಿಯನ್ನೂ ತರಗತಿಗೆ ತರುವುದು ಮೂರನೆಯದು. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಅತಿ ಹೆಚ್ಚು ಅಂಕ ಪಡೆದವರಿಗೆ ಕೊಡುವ ಬಹುಮಾನದ ಜೊತೆಗೆ, ತನ್ನ ಊರಿನ ಬದುಕಿನಿಂದ ಹೊಸ ಒಗಟೊಂದನ್ನು ಕಟ್ಟಿದ ಮಗುವಿಗೂ ಒಂದು ಬಹುಮಾನವನ್ನಿಟ್ಟರೆ, ಆ ದತ್ತಿಯು ಚಿಕ್ಕದಾದರೂ ಫಲವು ದೊಡ್ಡದಾದೀತು.

ಅಂಥ ಒಗಟಿಗೆ ವಸ್ತುವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಮಠದ ದಾಸೋಹದ ಪಂಕ್ತಿಯೇ ಸಾಕು. ಇಬ್ಬರ ನಡುವೆ ಒಂದು ಅನ್ನದ ಪಾತ್ರೆ, ಮೂವರ ನಡುವೆ ಒಂದು ಸಾರಿನ ಪಾತ್ರೆ, ನಾಲ್ವರ ನಡುವೆ ಒಂದು ಪಾಯಸದ ಪಾತ್ರೆ. ಊಟ ಮುಗಿದ ಮೇಲೆ ತೊಳೆಯಲು ಬಂದ ಪಾತ್ರೆಗಳು ಒಟ್ಟು ಅರವತ್ತೈದು. ಉಂಡವರೆಷ್ಟು ಮಂದಿ? ಸುನ್‌ಜಿಯೆಂಬಾತನ ಪ್ರಾಚೀನ ಚೀನೀ ಗಣಿತಗ್ರಂಥದಲ್ಲಿಯೂ ಇದರ ಒಡಹುಟ್ಟು ಇದೆಯೆಂದರೆ, ಪಂಕ್ತಿಯ ಲೆಕ್ಕವು ಲೋಕಕ್ಕೆಲ್ಲ ಒಂದೇ ಎಂದಾಯಿತು. ಉತ್ತರವನ್ನು ಇಲ್ಲಿ ಬರೆಯುವುದು ಮೇಲೆ ಹೇಳಿದ ನಿಯಮಕ್ಕೆ ವಿರುದ್ಧವಾದೀತು. ಈ ಸಂಪುಟವನ್ನು ಮನೆಗೆ ಕೊಂಡೊಯ್ದ ಮಹನೀಯರು ಇಂದಿನ ಸಂಜೆಯೇ ತಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ ಇದನ್ನು ಒಡ್ಡಿ, ಮೊಬೈಲನ್ನು ಗೂಡಿನಲ್ಲಿಟ್ಟು, ಅವರು ಬೆರಳು ಮಡಿಸುವುದನ್ನು ಸಾವಧಾನದಿಂದ ನೋಡಲಿ. "ನನಗೆ ಬಂತು" ಎಂದು ಮಗುವು ಕೂಗುವ ಆ ಕ್ಷಣದಲ್ಲಿ, ನನಗೆ ಲೆಕ್ಕ ಬರುವುದಿಲ್ಲವೆಂಬ ಅಗುಳಿಯು ತಾನಾಗಿಯೇ ಕಳಚಿ ಬೀಳುವುದು.